ಮಂಡಿಯಿಂದ ತೆಗೆದ ನೀರನ್ನು ಚೆಲ್ಲುವ ಮುನ್ನ

ಪ್ರಶ್ನೆ: ನನ್ನ ತಾಯಿಗೆ 57 ವರ್ಷ, ತೂಕ 72 ಕೆ.ಜಿ. ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಬಿಪಿಯೂ ಇದೆ, ಎರಡಕ್ಕೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಡಿಕೆ ಸುಲಿಯುವ ಕಾಲದಲ್ಲಿ ದಿನವಿಡೀ ಮೆಟ್ಟುಗತ್ತಿ ಮುಂದೆ ಕೂತಿದ್ದರು. ಬಿದ್ದಿಲ್ಲ, ಪೆಟ್ಟು ಬಿದ್ದಿಲ್ಲ. ಆದರೂ ಒಂದು ತಿಂಗಳಿಂದ ಬಲಮಂಡಿ ಊದಿಕೊಂಡಿದೆ. ಎರಡು ಸಲ ಸಿರಿಂಜಿನಲ್ಲಿ ಹಳದಿ ನೀರು ತೆಗೆದರು, ಎರಡೂ ಸಲ ಕೆಲವೇ ದಿನಗಳಲ್ಲಿ ಮತ್ತೆ ತುಂಬಿತು. ಎಕ್ಸ್‌ರೇಯಲ್ಲಿ ‘ಗ್ರೇಡ್ 2 ಸವೆತ’ ಎಂದಿದೆ. ಯೂರಿಕ್ ಆಸಿಡ್ 7.1 ಬಂದದ್ದರಿಂದ ಗೌಟ್, ಅಂದರೆ ಅದರ ಹರಳು ಕೀಲಿನಲ್ಲಿ ಸೇರಿ ಬರುವ ಊತ ಎಂದು ಮಾತ್ರೆ ಶುರು ಮಾಡಿದ್ದಾರೆ, ಬೇಳೆ ಬಿಡಿಸಿದ್ದಾರೆ. ನೀರು ತೆಗೆಸಿದ್ದಕ್ಕೇ ಮತ್ತೆ ಮತ್ತೆ ತುಂಬುತ್ತಿದೆ ಎಂದು ನೆಂಟರು ಬೈಯುತ್ತಾರೆ. ಒಬ್ಬ ವೈದ್ಯರು ಜೆಲ್ ಇಂಜೆಕ್ಷನ್ ಹೇಳಿದ್ದಾರೆ, ಇನ್ನೊಬ್ಬರು ದುರ್ಬೀನು ಹಾಕಿ ಮಂಡಿ ತೊಳೆಯುವ ಆಪರೇಷನ್ ಹೇಳಿದ್ದಾರೆ. ನಾವು ಯಾವ ದಾರಿ ಹಿಡಿಯಬೇಕು?

ಉತ್ತರ: ನೆಂಟರ ಮಾತಿಗೆ ಮೊದಲು ಉತ್ತರಿಸಿಬಿಡೋಣ. ನೀರು ತೆಗೆಸಿದ್ದರಿಂದ ಮಂಡಿಯಲ್ಲಿ ನೀರು ತುಂಬುವುದಿಲ್ಲ. ಕೀಲಿನ ಒಳಗೋಡೆಗೆ ತೆಳ್ಳನೆಯ ಪೊರೆಯೊಂದು ಅಂಟಿಕೊಂಡಿರುತ್ತದೆ. ಕೀಲು ಜಾರುವುದಕ್ಕೆ ಬೇಕಾದ ದ್ರವವನ್ನು ಒಸರುವುದೂ ಹಳೆಯದನ್ನು ಹೀರಿಕೊಳ್ಳುವುದೂ ಅದರದೇ ಕೆಲಸ. ಆರೋಗ್ಯವಾಗಿರುವ ಮಂಡಿಯಲ್ಲಿ ಈ ದ್ರವ 5 ಮಿ.ಲೀ. ಕೂಡ ಇರುವುದಿಲ್ಲ. ಪೊರೆ ಕೆರಳಿದರೆ ಹೀರುವುದಕ್ಕಿಂತ ಒಸರುವುದು ಜಾಸ್ತಿಯಾಗಿ 30, 50, ಕೆಲವೊಮ್ಮೆ 100 ಮಿ.ಲೀ. ವರೆಗೂ ಸೇರುತ್ತದೆ. ಸಿರಿಂಜು ನೀರನ್ನು ಖಾಲಿ ಮಾಡಬಹುದು, ಪೊರೆಯ ಕೆರಳಿಕೆ ಅಲ್ಲೇ ಉಳಿಯುತ್ತದೆ. ಹಾಗಾಗಿ ನೀರು ವಾಪಸು ಬರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನಮ್ಮ ಕಣ್ಣಿಗೆ ಬಿದ್ದ ಕೊರತೆ ಬೇರೆ. ಎರಡು ಸಲ ತೆಗೆದ ನೀರಿನ ಲ್ಯಾಬ್ ವರದಿಯ ಮಾತೇ ಅದರಲ್ಲಿಲ್ಲ. ಪೆಟ್ಟಿಲ್ಲದೆ ಒಂದೇ ಮಂಡಿ ಊದಿದಾಗ ಎಕ್ಸ್‌ರೇಗಿಂತ, ರಕ್ತದ ಯೂರಿಕ್ ಆಸಿಡ್‌ಗಿಂತ, ಎಂಆರ್‌ಐಗಿಂತಲೂ ಹೆಚ್ಚು ಹೇಳುವುದು ಆ ನೀರು. ಅದನ್ನು ಬೇಸಿನ್ನಿಗೆ ಚೆಲ್ಲಿ, ರಕ್ತದ ಒಂದು ಸಂಖ್ಯೆ ನೋಡಿ ರೋಗಕ್ಕೆ ಹೆಸರಿಡುವುದು ಎಲ್ಲ ಕಡೆ ನಡೆಯುತ್ತಿದೆ. ಮುಂದಿನ ಸಲ ನೀರು ತೆಗೆಸುವುದಾದರೆ ಪರೀಕ್ಷೆಗೆ ಕಳಿಸಲೇಬೇಕೆಂದು ಮೊದಲೇ ಹೇಳಿಬಿಡಿ.

ಅದಕ್ಕೂ ಮುಂಚೆ, ಕಾಯುವಂತಿಲ್ಲದ ಸ್ಥಿತಿ ಯಾವುದೆಂದು ತಿಳಿದುಕೊಳ್ಳಿ. ಒಂದೆರಡು ದಿನದಲ್ಲಿ ಮಂಡಿ ಬಿಸಿಯಾಗಿ, ಕೆಂಪಾಗಿ, ಸ್ವಲ್ಪ ಮಡಚಿದರೂ ಜೀವ ಹೋಗುವಂಥ ನೋವು ಬಂದರೆ ಕೀಲಿನೊಳಗೆ ಕೀವು ತುಂಬುತ್ತಿರಬಹುದು. ಜ್ವರ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ, ಆದರೆ ಇಂಥ ರೋಗಿಗಳಲ್ಲಿ ಎಷ್ಟೋ ಜನರಿಗೆ ಜ್ವರವೇ ಇರುವುದಿಲ್ಲ. ಸಕ್ಕರೆ ಕಾಯಿಲೆಯವರು, ವಯಸ್ಸಾದವರು, ಸ್ಟೀರಾಯ್ಡ್ ಮಾತ್ರೆ ನುಂಗುವವರು, ಮೊದಲೇ ಸಂಧಿವಾತ ಇದ್ದವರು, ಇತ್ತೀಚೆಗೆ ಮಂಡಿಗೆ ಸೂಜಿ ಹಾಕಿಸಿಕೊಂಡವರು ಹೆಚ್ಚು ಅಪಾಯದಲ್ಲಿರುತ್ತಾರೆ. ನಿಮ್ಮ ತಾಯಿಗೆ ಇದರಲ್ಲಿ ಎರಡು ಅನ್ವಯಿಸುತ್ತವೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಕೆಲವೇ ದಿನಗಳಲ್ಲಿ ಅದು ಎಲುಬಿನ ತುದಿಯ ಮೃದ್ವಸ್ಥಿಯನ್ನು ತಿಂದುಹಾಕುತ್ತದೆ, ಹೋದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ. ಇಂಥ ಮಂಡಿಯನ್ನು ಅದೇ ದಿನ ಆಸ್ಪತ್ರೆಗೆ ತೋರಿಸಬೇಕು. ಅಲ್ಲಿ ಮೊದಲು ನೀರಿನ ಮತ್ತು ರಕ್ತದ ಸ್ಯಾಂಪಲ್ ತೆಗೆದು, ಆಮೇಲೆ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಶುರು ಮಾಡುತ್ತಾರೆ, ಕೀವನ್ನು ಸೂಜಿಯಿಂದಲೋ ದುರ್ಬೀನಿನಿಂದಲೋ ಪೂರ್ತಿ ತೊಳೆದು ತೆಗೆಯುತ್ತಾರೆ. ಔಷಧಿ ಒಟ್ಟು ನಾಲ್ಕರಿಂದ ಆರು ವಾರ ನಡೆಯುವುದು ವಾಡಿಕೆ. ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಎರಡು ದಿನ ನುಂಗಿಸಿ ಆಮೇಲೆ ಕರೆತಂದರೆ ರೋಗ ವಾಸಿಯಾಗುವುದಿಲ್ಲ, ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ವರದಿ ಮಾತ್ರ ಹಾಳಾಗುತ್ತದೆ. ಇನ್ನೊಂದು ಮಾತು: ನಂಜಿನ ಅನುಮಾನ ಇರುವ ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಲೇಬಾರದು.

ತಿಂಗಳಿಂದ ಇದ್ದು, ಓಡಾಡಲು ಆಗುವಷ್ಟು ನೋವಿರುವ ಊತವಾದರೆ ನಿಧಾನವಾಗಿ ವಿಚಾರಿಸಲು ಸಮಯವಿದೆ.

ಊತ ನಿಜಕ್ಕೂ ಕೀಲಿನ ಒಳಗಿದೆಯೇ ಎಂಬುದನ್ನು ಮನೆಯಲ್ಲೇ ನೋಡಬಹುದು. ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿಸಿ, ತೊಡೆ ಸಡಿಲ ಬಿಡಲು ಹೇಳಿ. ಮಂಡಿಚಿಪ್ಪಿನ ಒಳಬದಿಯಲ್ಲಿ, ಅಂದರೆ ಇನ್ನೊಂದು ಕಾಲಿನ ಕಡೆ, ಒಂದು ಸಣ್ಣ ಗುಳಿ ಇರುತ್ತದೆ. ಆ ಗುಳಿಯನ್ನು ಅಂಗೈಯಿಂದ ಕೆಳಗಿನಿಂದ ಮೇಲಕ್ಕೆ ಎರಡು ಮೂರು ಸಲ ಸವರಿ ಖಾಲಿ ಮಾಡಿ. ತಕ್ಷಣ ಚಿಪ್ಪಿನ ಹೊರಬದಿಯನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಸವರಿ. ಒಳಬದಿಯ ಗುಳಿ ಮೆಲ್ಲಗೆ ಉಬ್ಬಿ ಬಂದರೆ ಕೀಲಿನಲ್ಲಿ ನೀರಿದೆ. ಹತ್ತು ಮಿ.ಲೀ.ಗಿಂತ ಕಡಿಮೆ ಇದ್ದರೂ ಇದರಲ್ಲಿ ಗೊತ್ತಾಗುತ್ತದೆ. ನೀರು ತುಂಬ ಇದ್ದಾಗ ಈ ಉಬ್ಬು ಕಾಣುವುದಿಲ್ಲ. ಆಗ ಚಿಪ್ಪಿನ ಮೇಲ್ಭಾಗದ ತೊಡೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳಿಂದ ಚಿಪ್ಪನ್ನು ತಟ್ಟಿದರೆ ಅದು ಒಳಗಿಳಿದು ಎಲುಬಿಗೆ ಟಕ್ಕನೆ ತಾಗಿ ಮತ್ತೆ ತೇಲುತ್ತದೆ.

ಚಿಪ್ಪಿನ ಮುಂದೆ ಮಾತ್ರ ಮೊಟ್ಟೆಯಂತೆ ಉಬ್ಬಿದ್ದು ಕಾಲನ್ನು ಸಲೀಸಾಗಿ ಮಡಚಲು ಬಂದರೆ ಅದು ಕೀಲಿನ ಊತವಲ್ಲ. ಚರ್ಮಕ್ಕೂ ಚಿಪ್ಪಿಗೂ ನಡುವೆ ಇರುವ ಚೀಲ ಊದಿರುತ್ತದೆ. ಮಂಡಿಯೂರಿ ನೆಲ ಒರೆಸುವವರು, ಟೈಲ್ಸ್ ಹಾಕುವವರು ಇದನ್ನು ಅನುಭವಿಸುತ್ತಾರೆ. ಮಂಡಿಯೂರುವುದನ್ನು ಬಿಟ್ಟು, ಬಿಡಲಾಗದಿದ್ದರೆ ದಪ್ಪ ಪ್ಯಾಡ್ ಕಟ್ಟಿಕೊಂಡರೆ ಬಹಳಷ್ಟು ತಾನಾಗಿಯೇ ಇಳಿಯುತ್ತದೆ. ಚರ್ಮ ಕೆಂಪಾಗಿ ಬಿಸಿಯಾದರೆ ಆ್ಯಂಟಿಬಯೋಟಿಕ್ ಬೇಕು. ಮಂಡಿಯ ಹಿಂಬದಿಯ ಗುಳಿಯಲ್ಲಿ ಕಾಣುವ ಗಡ್ಡೆ ಸಾಮಾನ್ಯವಾಗಿ ಬೇಕರ್ ಚೀಲ, ಅಂದರೆ ಕೀಲಿನ ನೀರೇ ಹಿಂದಕ್ಕೆ ತಳ್ಳಲ್ಪಟ್ಟು ನಿಂತದ್ದು. ಅದನ್ನು ಕತ್ತರಿಸಿ ತೆಗೆಯಬೇಕಾಗುವುದು ಅಪರೂಪ, ಕೀಲಿನ ಕಾಯಿಲೆ ಹತೋಟಿಗೆ ಬಂದರೆ ಇದೂ ಕುಗ್ಗುತ್ತದೆ. ಆ ಚೀಲ ಒಡೆದರೆ ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದಾಗಲೂ ಹೀಗೇ ಕಾಣುವುದರಿಂದ ಡಾಪ್ಲರ್ ಸ್ಕ್ಯಾನ್ ಮಾಡಿಸದೆ ಊಹೆಯಲ್ಲಿ ಮಾಲೀಸು ಮಾಡಕೂಡದು. ಎರಡೂ ಪಾದದಿಂದ ಮೇಲಕ್ಕೆ ಊತವಿದ್ದು ಒತ್ತಿದರೆ ಗುಳಿ ಬೀಳುತ್ತಿದ್ದರೆ ಮಂಡಿಯನ್ನು ಬಿಟ್ಟು ಹೃದಯ, ಮೂತ್ರಪಿಂಡ, ಬಿಪಿ ಮಾತ್ರೆಗಳ ಕಡೆ ನೋಡಬೇಕು.

ಪೆಟ್ಟು ಬಿದ್ದು ಊದುವ ಮಂಡಿಯ ಲೆಕ್ಕ ಬೇರೆ. ನಿಮ್ಮ ತಾಯಿಯದು ಆ ಗುಂಪಲ್ಲ, ಆದರೂ ಓದುವ ಬೇರೆಯವರಿಗಾಗಿ ಹೇಳುತ್ತೇವೆ. ಅಲ್ಲಿ ಗಡಿಯಾರ ನೋಡಬೇಕು. ಕಬಡ್ಡಿ ಆಡುವಾಗ ಕಾಲು ತಿರುಚಿ ಒಂದೆರಡು ತಾಸಿನಲ್ಲೇ ಮಂಡಿ ಬಿಗಿಯಾಗಿ ಊದಿದರೆ ಒಳಗೆ ತುಂಬಿರುವುದು ರಕ್ತ. ಮುಂದಿನ ಅಡ್ಡ ಕಟ್ಟು, ಅಂದರೆ ಎಸಿಎಲ್ ಹರಿದಿರಬಹುದು, ಚಿಪ್ಪು ಜಾರಿರಬಹುದು, ಎಲುಬು ಸೀಳಿರಬಹುದು. ತೆಗೆದ ರಕ್ತದ ಮೇಲೆ ಎಣ್ಣೆಯ ಹನಿಗಳು ತೇಲಿದರೆ ಅದು ಎಲುಬಿನ ಮಜ್ಜೆಯ ಕೊಬ್ಬು, ಎಲ್ಲೋ ಮೂಳೆ ಮುರಿದಿದೆ ಎಂದೇ ಅರ್ಥ. ಊತ ಮರುದಿನ ಬೆಳಗ್ಗೆ ನಿಧಾನವಾಗಿ ಕಾಣಿಸಿಕೊಂಡರೆ ಮೆನಿಸ್ಕಸ್, ಅಂದರೆ ಎರಡು ಎಲುಬುಗಳ ನಡುವಿನ ಮೆತ್ತೆ ಹರಿದಿರುವ ಸಾಧ್ಯತೆ ಹೆಚ್ಚು. ಪೆಟ್ಟಿನ ನಂತರ ನಾಲ್ಕು ಹೆಜ್ಜೆ ಊರಲು ಆಗದಿದ್ದರೆ, ಮಂಡಿಯನ್ನು 90 ಡಿಗ್ರಿ ಮಡಚಲು ಬಾರದಿದ್ದರೆ, ಚಿಪ್ಪನ್ನು ಅಥವಾ ಹೊರಬದಿಯ ಸಣ್ಣ ಎಲುಬಿನ ತಲೆಯನ್ನು ಒತ್ತಿದಾಗ ನೋವಾದರೆ, ವಯಸ್ಸು 55 ದಾಟಿದ್ದರೆ ಎಕ್ಸ್‌ರೇ ತೆಗೆಸಬೇಕು. ಇವುಗಳಲ್ಲಿ ಒಂದಿದ್ದರೂ ಸಾಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯ ಕಾಯಿಲೆ ಇರುವ ಹುಡುಗರಿಗೆ ಪೆಟ್ಟೇ ಇಲ್ಲದೆ ಮಂಡಿಯಲ್ಲಿ ರಕ್ತ ತುಂಬಬಹುದು. ಹಿಮೋಫಿಲಿಯದವರಿಗೆ ಮೊದಲು ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಕೊಡಬೇಕು, ಸೂಜಿ ಏನಿದ್ದರೂ ಆಮೇಲೆ.

ಈಗ ನೀರಿನ ವಿಚಾರ. ತೆಗೆಯುವ ವಿಧಾನ ಗೊತ್ತಿದ್ದರೆ ಭಯ ಅರ್ಧ ಇಳಿಯುತ್ತದೆ. ಕಾಲು ಚಾಚಿ ಮಲಗಿಸಿ ಮಂಡಿಯ ಅಡಿಗೆ ಸುತ್ತಿದ ಟವೆಲ್ ಇಡುತ್ತಾರೆ. ಚರ್ಮವನ್ನು ಪೊವಿಡೋನ್ ಅಯೋಡಿನ್ ಅಥವಾ ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸಿ ಒಣಗಲು ಬಿಡಬೇಕು; ಹಸಿಯಿದ್ದಾಗಲೇ ಚುಚ್ಚಿದರೆ ಒರೆಸಿದ್ದು ದಂಡ. ಮರಗಟ್ಟಲು ಸ್ವಲ್ಪ ಲಿಗ್ನೋಕೇನ್ ಕೊಟ್ಟು, ಚಿಪ್ಪಿನ ಮೇಲ್ತುದಿಯ ಹೊರಮೂಲೆಯಿಂದ 18 ಅಥವಾ 20 ಗೇಜಿನ ಸೂಜಿಯನ್ನು ಚಿಪ್ಪಿನ ಅಡಿಗೆ ನುಗ್ಗಿಸುತ್ತಾರೆ. ತೊಡೆ ಬಿಗಿ ಹಿಡಿದರೆ ಚಿಪ್ಪು ಎಲುಬಿಗೆ ಅಂಟಿ ಸೂಜಿಗೆ ಜಾಗ ಸಿಗುವುದಿಲ್ಲ. ನೋವಾಯಿತು, ನೀರು ಬರಲಿಲ್ಲ ಎನ್ನುವ ಬಹುಪಾಲು ದೂರಿಗೆ ಮೂಲ ಇದೇ. ಸಹಾಯಕರು ಎದುರು ಬದಿಯಿಂದ ಒತ್ತಿ ಕೊಟ್ಟರೆ ಮಂಡಿ ಪೂರ್ತಿ ಖಾಲಿಯಾಗುತ್ತದೆ. ಶುಚಿಯಾಗಿ ಮಾಡಿದರೆ ಇದರಿಂದ ನಂಜಾಗುವುದು ತೀರಾ ವಿರಳ. ಆದರೆ ಚುಚ್ಚುವ ಜಾಗದ ಚರ್ಮದಲ್ಲೇ ಕುರು ಅಥವಾ ಹುಣ್ಣು ಇದ್ದರೆ ಅಲ್ಲಿಂದ ಸೂಜಿ ಹಾಕಬಾರದು.

ಸಿರಿಂಜಿನಲ್ಲಿ ಕಾಣುವ ಬಣ್ಣವೇ ಅರ್ಧ ಕಥೆ ಹೇಳುತ್ತದೆ. ಹಿಂದೆ ಹಿಡಿದ ಪತ್ರಿಕೆಯ ಅಕ್ಷರ ಓದುವಷ್ಟು ತಿಳಿಯಾದ ತೆಳುಹಳದಿ, ಸೂಜಿ ತುದಿಯಿಂದ ಬಿಟ್ಟರೆ ಎಳೆಯಾಗಿ ಜಗ್ಗುವ ಅಂಟು ಇದ್ದರೆ ಸವೆತ ಅಥವಾ ಹಳೆಯ ಮೆನಿಸ್ಕಸ್ ತೊಂದರೆ. ಮಸುಕಾಗಿ, ನೀರಿನಂತೆ ತೊಟ್ಟಿಕ್ಕಿದರೆ ಉರಿಯೂತ: ಗೌಟ್, ಸಂಧಿವಾತ, ಕ್ಷಯ ಇತ್ಯಾದಿ. ಕೀವಿನಂತಿದ್ದರೆ ನಂಜು ಎಂದೇ ಹಿಡಿದು ಹೊರಡಬೇಕು. ಪೆಟ್ಟಿಲ್ಲದೆ ಪದೇಪದೇ ಕಂದುಬಣ್ಣದ ರಕ್ತ ಬರುತ್ತಿದ್ದರೆ ಪೊರೆಯಲ್ಲೇ ಗಡ್ಡೆ ಬೆಳೆದಿರುವುದುಂಟು, ಅದಕ್ಕೆ ಎಂಆರ್‌ಐ ಬೇಕು.

ಕಣ್ಣಂದಾಜು ಸಾಲದು. ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಕಣಗಳ ಎಣಿಕೆಗೆ, ಸ್ಟೆರೈಲ್ ಡಬ್ಬಿಯಲ್ಲಿ ಗ್ರಾಂ ಸ್ಟೇನ್ (ಬಣ್ಣ ಹಾಕಿ ರೋಗಾಣು ಹುಡುಕುವುದು) ಮತ್ತು ಕಲ್ಚರ್‌ಗೆ, ಇನ್ನೊಂದು ಸ್ಯಾಂಪಲ್ ಹರಳುಗಳ ಪರೀಕ್ಷೆಗೆ ಹೋಗಬೇಕು. ಫಾರ್ಮಲಿನ್ ಹಾಕಿದ ಡಬ್ಬಿಗೆ ಸುರಿದರೆ ಕಲ್ಚರ್ ಮುಗಿದಂತೆ, ಅದರಲ್ಲಿ ಯಾವ ರೋಗಾಣುವೂ ಬೆಳೆಯದು. ಲ್ಯಾಬಿಗೆ ಬೇಗ ತಲುಪಿಸಿ. ಹೊತ್ತಾದಷ್ಟೂ ಕಣಗಳು ಒಡೆದು ಎಣಿಕೆ ಸುಳ್ಳಾಗುತ್ತದೆ. ವರದಿಯಲ್ಲಿ ಬಿಳಿ ರಕ್ತಕಣ ಒಂದು ಘನ ಮಿಲಿಮೀಟರಿಗೆ 2,000ಕ್ಕಿಂತ ಕಡಿಮೆಯಿದ್ದರೆ ಸವೆತದ ಕಡೆ, 2,000ದಿಂದ 50,000 ಇದ್ದರೆ ಉರಿಯೂತದ ಕಡೆ, ಅದಕ್ಕೂ ಮೇಲಿದ್ದರೆ ನಂಜಿನ ಕಡೆ ಯೋಚಿಸುತ್ತಾರೆ. ಈ ಗಡಿಗಳು ಕಲ್ಲಿನಲ್ಲಿ ಕೊರೆದದ್ದೇನಲ್ಲ. ಗೌಟ್‌ನಲ್ಲೂ 50,000 ದಾಟುವುದುಂಟು, ಸಕ್ಕರೆ ಕಾಯಿಲೆಯವರ ನಂಜಿನಲ್ಲಿ 30,000ಕ್ಕೇ ನಿಲ್ಲುವುದೂ ಉಂಟು. ಗ್ರಾಂ ಸ್ಟೇನ್‌ನಲ್ಲಿ ಏನೂ ಕಾಣಲಿಲ್ಲ ಎಂದ ಮಾತ್ರಕ್ಕೆ ನಂಜಿಲ್ಲ ಎನ್ನಲಾಗದು, ಕಲ್ಚರ್ ಬರುವತನಕ ಕಾಯಬೇಕು.

ಹರಳು ನೋಡಲು ಪೋಲರೈಸ್ಡ್ ಸೂಕ್ಷ್ಮದರ್ಶಕ ಬೇಕು. ಸಣ್ಣ ಊರಿನ ಲ್ಯಾಬಿನಲ್ಲಿ ಅದು ಸಿಗದಿದ್ದರೆ ವೈದ್ಯಕೀಯ ಕಾಲೇಜಿಗೆ ಕಳಿಸಬೇಕಾಗುತ್ತದೆ. ಸೂಜಿಯಂಥ ಹರಳು ಕಂಡರೆ ಗೌಟ್, ಹೆಂಚಿನಾಕಾರದ ಮೊಂಡು ಹರಳು ಕಂಡರೆ ಸ್ಯೂಡೋಗೌಟ್, ಅಂದರೆ ಕ್ಯಾಲ್ಸಿಯಂ ಪೈರೊಫಾಸ್ಫೇಟ್ ಕಾಯಿಲೆ. ಎರಡನೆಯದು ಅರುವತ್ತರ ಆಚೆಯವರಿಗೆ ಹೆಚ್ಚು, ಅದರ ಮೆಚ್ಚಿನ ಕೀಲು ಮಂಡಿಯೇ. ಎಕ್ಸ್‌ರೇಯಲ್ಲಿ ಎರಡು ಎಲುಬುಗಳ ನಡುವಿನ ಖಾಲಿ ಜಾಗದಲ್ಲಿ ಸುಣ್ಣದ ಬಿಳಿಗೆರೆ ಕಂಡರೆ ಅದರ ಸುಳಿವು. ನಿಮ್ಮ ತಾಯಿಯ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ಆ ಗೆರೆಯಿದೆಯೇ ನೋಡಲು ವೈದ್ಯರನ್ನು ಕೇಳಿ, ವರದಿಯಲ್ಲಿ ಬರೆಯದೆ ಬಿಟ್ಟುಹೋಗುವುದು ಉಂಟು. ಈ ಹರಳನ್ನು ಕರಗಿಸುವ ಔಷಧಿ ಇಲ್ಲ. ನೀರು ತೆಗೆದು, ನಂಜಿಲ್ಲ ಎಂದು ಖಾತ್ರಿಯಾದ ಮೇಲೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಇಲ್ಲವೇ ಕೆಲವು ದಿನ ಉರಿಯೂತ ತಣಿಸುವ ಕಾಲ್ಚಿಸಿನ್ ಮಾತ್ರೆ ನುಂಗಿಸುತ್ತಾರೆ.

ಯೂರಿಕ್ ಆಸಿಡ್ 7.1 ಎಂಬುದಕ್ಕೆ ಬರೋಣ. ಹೆಂಗಸರಲ್ಲಿ ಸುಮಾರು 6, ಗಂಡಸರಲ್ಲಿ 7 ಮೇಲ್ಮಿತಿ ಎಂದು ಲ್ಯಾಬುಗಳು ಬರೆಯುತ್ತವೆ. ಸುಮಾರು 6.8 ದಾಟಿದರೆ ಅದು ರಕ್ತದಲ್ಲಿ ಪೂರ್ತಿ ಕರಗಿರದೆ ಹರಳಾಗುವ ಸಾಧ್ಯತೆ ಇರುತ್ತದೆ. ಆದರೆ 7 ದಾಟಿದವರಲ್ಲಿ ಹೆಚ್ಚಿನವರಿಗೆ ಗೌಟ್ ಬರುವುದೇ ಇಲ್ಲ. ಉಲ್ಟಾ, ನಿಜವಾದ ಗೌಟ್ ಕೆರಳಿದ ದಿನ ರಕ್ತದಲ್ಲಿ ಅದು ಸರಿಯಾದ ಮಟ್ಟದಲ್ಲೇ ಇರುವುದೂ ಉಂಟು, ಎರಡು ವಾರ ಬಿಟ್ಟು ಮತ್ತೆ ನೋಡಬೇಕಾಗುತ್ತದೆ. ಗೌಟ್ ಬರುವ ರೀತಿಯೇ ಬೇರೆ. ಸಾಮಾನ್ಯವಾಗಿ ರಾತ್ರಿ ಶುರುವಾಗಿ ಒಂದು ದಿನದೊಳಗೆ ತಾರಕಕ್ಕೇರುತ್ತದೆ, ಹೊದಿಕೆ ತಾಗಿದರೂ ಸಹಿಸಲಾಗದು, ಒಂದೆರಡು ವಾರದಲ್ಲಿ ಇಳಿದುಹೋಗುತ್ತದೆ. ಹಲವರಿಗೆ ಕಾಲಿನ ಹೆಬ್ಬೆರಳಿನಲ್ಲಿ ಹಿಂದೆ ಬಂದ ಚರಿತ್ರೆ ಇರುತ್ತದೆ. ತಿಂಗಳುಗಟ್ಟಲೆ ಮಂದವಾಗಿ ನಿಂತ ಊತ ಆ ಲಕ್ಷಣಕ್ಕೆ ಹೊಂದುವುದಿಲ್ಲ.

ಇನ್ನು ಬಿಪಿ ಮಾತ್ರೆಯ ಡಬ್ಬಿ ನೋಡಿ. ಹೆಸರಿನ ಕೊನೆಯಲ್ಲಿ ‘ಎಚ್’ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ಹೈಡ್ರೊಕ್ಲೋರೊಥಯಾಜೈಡ್ ಸೇರಿರುತ್ತದೆ. ಅದು ಯೂರಿಕ್ ಆಸಿಡ್ ಏರಿಸುತ್ತದೆ. ವೈದ್ಯರು ಬೇರೆ ಮಾತ್ರೆಗೆ ಬದಲಿಸಿದರೆ, ಉದಾಹರಣೆಗೆ ಲೊಸಾರ್ಟನ್‌ಗೆ, ಆ 7.1 ತಾನಾಗಿಯೇ ಇಳಿಯಬಹುದು. ನೀವೇ ನಿಲ್ಲಿಸಬೇಡಿ.

ನೀರಿನಲ್ಲಿ ಸೂಜಿಹರಳು ಸಿಕ್ಕಿ ಗೌಟ್ ಖಚಿತವಾದರೆ ಚಿಕಿತ್ಸೆ ಎರಡು ಹಂತದ್ದು. ಕೆರಳಿದಾಗ ತಣಿಸುವುದು ಒಂದು: ಕಾಲ್ಚಿಸಿನ್ 0.5 ಮಿ.ಗ್ರಾಂ. ಮಾತ್ರೆ ಮೊದಲು ಎರಡು, ಒಂದು ತಾಸಿಗೆ ಇನ್ನೊಂದು, ಆಮೇಲೆ ಕೆಲವು ದಿನ ದಿನಕ್ಕೊಂದೋ ಎರಡೋ. ಭೇದಿ ಶುರುವಾದರೆ ಡೋಸ್ ಜಾಸ್ತಿಯಾಗಿದೆ ಎಂದೇ ತಿಳಿಯಬೇಕು. ಮೂತ್ರಪಿಂಡ ದುರ್ಬಲವಿದ್ದರೆ ಇದನ್ನು ಇಳಿಸಲೇಬೇಕು, ಕ್ಲಾರಿಥ್ರೊಮೈಸಿನ್ ಜೊತೆ ಕೊಡಬಾರದು. ಎರಡನೆಯ ಹಂತ ಯೂರಿಕ್ ಆಸಿಡನ್ನು ಶಾಶ್ವತವಾಗಿ 6ಕ್ಕಿಂತ ಕೆಳಗಿಡುವುದು: ಅಲೊಪ್ಯೂರಿನಾಲ್ 100 ಮಿ.ಗ್ರಾಂ.ನಿಂದ, ಮೂತ್ರಪಿಂಡದ ತೊಂದರೆಯಿದ್ದರೆ 50ರಿಂದ ಶುರು ಮಾಡಿ, ಕೆಲವು ವಾರಕ್ಕೊಮ್ಮೆ ರಕ್ತ ನೋಡಿ ಏರಿಸುತ್ತಾ ಹೋಗುತ್ತಾರೆ. ಶುರುವಿನ ತಿಂಗಳುಗಳಲ್ಲಿ ಹಳೆಯ ಹರಳು ಕರಗುವಾಗ ಗೌಟ್ ಇನ್ನಷ್ಟು ಕೆರಳುವುದರಿಂದ ಮೂರರಿಂದ ಆರು ತಿಂಗಳು ಸಣ್ಣ ಡೋಸಿನ ಕಾಲ್ಚಿಸಿನ್ ಜೊತೆಗಿರಬೇಕು. ಇದು ಗೊತ್ತಿಲ್ಲದೆ ‘ಮಾತ್ರೆ ತಗೊಂಡ ಮೇಲೆ ಜಾಸ್ತಿಯಾಯ್ತು’ ಎಂದು ಬಿಟ್ಟುಬಿಡುವವರೇ ಹೆಚ್ಚು. ಮೈಮೇಲೆ ಗಂಧೆ, ಬಾಯಲ್ಲಿ ಹುಣ್ಣು ಎದ್ದರೆ ಮಾತ್ರ ಅಲೊಪ್ಯೂರಿನಾಲ್ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗೌಟ್ ಇಲ್ಲದೆ ಬರೀ ಯೂರಿಕ್ ಆಸಿಡ್ ಏರಿದ್ದಕ್ಕೆ ಈ ಮಾತ್ರೆ ಬೇಡ. ಹಾಗಾಗಿ ನಿಮ್ಮ ತಾಯಿಗೆ ಬರೆದದ್ದನ್ನು ಮುಂದುವರಿಸಬೇಕೇ ಎಂದು ನೀರಿನ ವರದಿ ಹಿಡಿದು ಕೇಳಿ.

ಬೇಳೆಯನ್ನಂತೂ ಇವತ್ತೇ ವಾಪಸು ಕೊಡಿ. ಮಾಂಸದಲ್ಲೂ ಲಿವರ್ ಮುಂತಾದವು, ಬಿಯರ್, ಸಕ್ಕರೆ ಪಾನೀಯಗಳು ಗೌಟ್ ಹೆಚ್ಚಿಸುತ್ತವೆ. ಬೇಳೆ, ಕಾಳು, ಪಾಲಕ್ ಹಾಗೆ ಮಾಡಿದ್ದು ದೊಡ್ಡ ಅಧ್ಯಯನಗಳಲ್ಲಿ ಕಂಡಿಲ್ಲ. ಸಕ್ಕರೆ ಕಾಯಿಲೆಯವರು ಬೇಳೆ ಬಿಟ್ಟು ಅನ್ನ-ತಿಳಿಸಾರಿಗೆ ಇಳಿದರೆ ಸಕ್ಕರೆಯೂ ಏರುತ್ತದೆ, ತೊಡೆಯ ಸ್ನಾಯುವೂ ಕರಗುತ್ತದೆ.

ನೀವು ಬರೆದಷ್ಟರಲ್ಲಿ ಹೆಚ್ಚು ಸಾಧ್ಯತೆ ಯಾವುದಕ್ಕೆ ಎಂದು ಕೇಳಿದರೆ, ಸವೆತದ ಮಂಡಿಯ ಪೊರೆ ಕೆರಳಿರುವುದಕ್ಕೆ. 57ರ ವಯಸ್ಸು, 72 ಕೆ.ಜಿ., ದಿನಗಟ್ಟಲೆ ನೆಲದ ಮೇಲೆ ಮಂಡಿ ಮಡಚಿ ಕೂತ ಕೆಲಸ, ಹಳದಿ ನೀರು ಎಲ್ಲವೂ ಅತ್ತ ತೋರಿಸುತ್ತವೆ. ಎಕ್ಸ್‌ರೇಯ ಗ್ರೇಡ್‌ಗಳು 0ಯಿಂದ 4ರವರೆಗೆ. 2 ಎಂದರೆ ಮೊದಮೊದಲ ಸವೆತ. ಗ್ರೇಡಿಗೂ ನೋವಿಗೂ ಗಟ್ಟಿ ಸಂಬಂಧವಿಲ್ಲ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಎಲುಬುಗಳ ನಡುವಿನ ಜಾಗ ಇರುವುದಕ್ಕಿಂತ ಹೆಚ್ಚು ಕಾಣುವುದರಿಂದ ನಿಲ್ಲಿಸಿಯೇ ತೆಗೆಸಿರಬೇಕು.

ನೀರಿನ ವರದಿ ಸವೆತ ಎಂದೇ ಬಂದರೆ, ನೀರು ಖಾಲಿ ಮಾಡಿ ಅದೇ ಸೂಜಿಯಲ್ಲಿ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ 40 ಮಿ.ಗ್ರಾಂ. ಕೊಡಿಸುವುದು ಸರಿಯಾದ ಚಿಕಿತ್ಸೆ. ಬರೀ ನೀರು ತೆಗೆದರೆ ವಾಪಸು ಬರುವುದು, ಇದನ್ನು ಸೇರಿಸಿದರೆ ಹೆಚ್ಚಾಗಿ ಬಾರದಿರುವುದು ಪೊರೆ ತಣಿಯುವುದರಿಂದ. ಪರಿಣಾಮ ಕೆಲವು ವಾರ ಇರುತ್ತದೆ. ಆ ವಾರಗಳು ವ್ಯಾಯಾಮಕ್ಕೆ ಸಿಗುವ ಅವಕಾಶ. ನಿಮ್ಮ ತಾಯಿಗೆ ಸಕ್ಕರೆ ಎರಡರಿಂದ ಐದು ದಿನ, ಕೆಲವೊಮ್ಮೆ ವಾರ, ಚೆನ್ನಾಗಿ ಏರಬಹುದು. ಗ್ಲುಕೋಮೀಟರಿನಲ್ಲಿ ದಿನಕ್ಕೆರಡು ಸಲವಾದರೂ ನೋಡಿ ಬರೆದಿಡಿ, 300 ದಾಟಿದರೆ ಫೋನ್ ಮಾಡಿ ಕೇಳಿ. ಮೂರು ತಿಂಗಳೊಳಗೆ ಎರಡನೆಯದು ಬೇಡ. ನೋವು ಇರಲಿ ಬಿಡಲಿ, ಮೂರು ತಿಂಗಳಿಗೊಂದರಂತೆ ಎರಡು ವರ್ಷ ಕೊಟ್ಟು ನೋಡಿದ ಅಮೆರಿಕದ ಅಧ್ಯಯನವೊಂದರಲ್ಲಿ (2017) ಹೋಲಿಕೆಗೆಂದು ಬರೀ ಉಪ್ಪುನೀರಿನ ಇಂಜೆಕ್ಷನ್ ಪಡೆದವರಿಗಿಂತ ನೋವೇನೂ ಕಡಿಮೆಯಾಗಲಿಲ್ಲ, ಮೃದ್ವಸ್ಥಿ ಮಾತ್ರ ಹೆಚ್ಚು ಸವೆಯಿತು. ಮಂಡಿ ಬದಲಾವಣೆಯ ಆಪರೇಷನ್ ಹತ್ತಿರದಲ್ಲಿದ್ದರೆ ಅದಕ್ಕೆ ಮುಂಚಿನ ಮೂರು ತಿಂಗಳಲ್ಲಿ ಈ ಇಂಜೆಕ್ಷನ್ ಹಾಕುವುದಿಲ್ಲ, ನಂಜಿನ ಅಪಾಯ ಏರುತ್ತದೆ.

ವ್ಯಾಯಾಮವನ್ನು ಎಲ್ಲರೂ ಹೇಳುತ್ತಾರೆ, ಯಾಕೆಂದು ಹೇಳುವವರು ಕಡಿಮೆ. ಮಂಡಿಯಲ್ಲಿ 20–30 ಮಿ.ಲೀ. ನೀರು ತುಂಬಿದರೆ ಸಾಕು, ತೊಡೆಯ ಮುಂಭಾಗದ ಸ್ನಾಯುವಿಗೆ ನರದ ಆಜ್ಞೆ ಕುಗ್ಗುತ್ತದೆ. ಕೆಲವೇ ವಾರದಲ್ಲಿ ತೊಡೆ ಸಣಕಲಾಗುತ್ತದೆ. ಚಿಪ್ಪಿನ ಮೇಲಂಚಿನಿಂದ 15 ಸೆಂ.ಮೀ. ಮೇಲೆ ಎರಡೂ ತೊಡೆಗೆ ಟೇಪು ಹಿಡಿದರೆ ವ್ಯತ್ಯಾಸ ಸಿಗುತ್ತದೆ. ಸ್ನಾಯು ಸೋತ ಮಂಡಿ ಹೆಜ್ಜೆಹೆಜ್ಜೆಗೂ ಕುಲುಕಿ ಪೊರೆ ಮತ್ತೆ ಕೆರಳುತ್ತದೆ. ಆದ್ದರಿಂದ ಊತ ಇರುವಾಗಲೇ ಶುರು ಮಾಡಿ: ಕಾಲು ಚಾಚಿ, ಮಂಡಿಯಿಂದ ಹಾಸಿಗೆಯನ್ನು ಕೆಳಕ್ಕೆ ಒತ್ತಿ, ಐದರಿಂದ ಹತ್ತು ಸೆಕೆಂಡ್ ಹಿಡಿದು ಬಿಡುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ನಂತರ ಮಂಡಿ ಮಡಚದೆ ಇಡೀ ಕಾಲನ್ನು ಒಂದಡಿ ಎತ್ತಿ ಹಿಡಿಯುವುದು. ಊತ ಇಳಿದ ಮೇಲೆ ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಮಾಡಿದ ನೋವು ಮರುದಿನಕ್ಕೂ ಉಳಿದರೆ ಸಂಖ್ಯೆ ಇಳಿಸಿ. ಹಾಯೆನಿಸುತ್ತದೆಂದು ಮಂಡಿಯ ಅಡಿಗೆ ದಿಂಬಿಟ್ಟು ಮಲಗುವುದು ಬೇಡ, ಕಾಲು ನೆಟ್ಟಗಾಗದೆ ಉಳಿದುಬಿಡುತ್ತದೆ.

ಬಿಸಿಯಿರುವ ಮಂಡಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಬಿಸಿನೀರ ಶಾಖವಾಗಲೀ ಎಣ್ಣೆ ತಿಕ್ಕುವುದಾಗಲೀ ಆ ಹೊತ್ತಿನಲ್ಲಿ ಬೇಡ. ಡೈಕ್ಲೊಫೆನಾಕ್ ಜೆಲ್ ಒಳ್ಳೆಯದೇ, ಆದರೆ ಬಟಾಣಿ ಗಾತ್ರದಷ್ಟು ಹಚ್ಚಿ ಕೆಲಸ ಮಾಡಲಿಲ್ಲ ಎನ್ನುತ್ತಾರೆ. ಒಂದು ಮಂಡಿಗೆ ಒಂದು ಸಲಕ್ಕೆ 4 ಗ್ರಾಂ ವರೆಗೆ, ದಿನಕ್ಕೆ ಮೂರು ನಾಲ್ಕು ಸಲ ಬೇಕು. ಆ ಲೆಕ್ಕದಲ್ಲಿ 30 ಗ್ರಾಂ ಟ್ಯೂಬ್ ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಮೆಟ್ಟುಗತ್ತಿಯನ್ನು ಎತ್ತರದ ಬೆಂಚಿಗೆ ಕೂರಿಸಿ ಸುಲಿಯುವ ವ್ಯವಸ್ಥೆ ಮಾಡಿ. ಇಂಡಿಯನ್ ಕಕ್ಕಸಿನ ಮೇಲೆ ಇಡುವ ಕಮೋಡ್ ಕುರ್ಚಿ ತನ್ನಿ. ಊರುಗೋಲು ಎಡಗೈಯಲ್ಲಿರಲಿ, ಅಂದರೆ ನೋವಿನ ಕಾಲಿನ ಎದುರು ಕೈಯಲ್ಲಿ. ಅದರ ಎತ್ತರ ಮಣಿಕಟ್ಟಿನ ಗೆರೆಗೆ ಸಮ. ಒಂದು ಕೆ.ಜಿ. ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಹೊರೆ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತದೆ, ಹಾಗಾಗಿ 72ರಿಂದ 66ಕ್ಕೆ ಬಂದರೂ ದೊಡ್ಡ ಮಾತು.

ಸವೆತವಲ್ಲದಿದ್ದರೆ ಏನು? ಎರಡೂ ಕಡೆಯ ಬೆರಳು, ಮಣಿಕಟ್ಟುಗಳೂ ಊದಿ, ಬೆಳಗ್ಗೆ ಒಂದು ತಾಸಿಗೂ ಹೆಚ್ಚು ಬಿಗಿತವಿದ್ದರೆ ರುಮಟಾಯ್ಡ್ ಸಂಧಿವಾತ. ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ಪರೀಕ್ಷೆ ಮಾಡಿಸಿ ಮೆಥೊಟ್ರೆಕ್ಸೇಟ್ ಕೊಡುತ್ತಾರೆ. ಅದು ವಾರಕ್ಕೆ ಒಂದೇ ದಿನದ ಮಾತ್ರೆ. ದಿನಾ ನುಂಗಿ ರಕ್ತಕಣಗಳೆಲ್ಲ ಕುಸಿದು ಜೀವಕ್ಕೆ ಕುತ್ತು ಬಂದ ಪ್ರಸಂಗಗಳಿವೆ, ಆದ್ದರಿಂದ ವಾರದ ಹೆಸರನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಜ್ವರ ಬಂದುಹೋದ ಮೇಲೆ ಹಲವು ಕೀಲುಗಳು ಹಿಡಿದರೆ ಚಿಕುನ್‌ಗುನ್ಯ ನೆನಪಾಗಬೇಕು. 2006ರಲ್ಲಿ ಕರ್ನಾಟಕದಲ್ಲಿ ಅದು ಹಬ್ಬಿದಾಗ ತಿಂಗಳುಗಟ್ಟಲೆ ಕೀಲುನೋವು ಉಳಿದವರು ಬಹಳ. ಜ್ವರದ ದಿನಗಳಲ್ಲಿ ಡೆಂಗಿ ಇಲ್ಲವೆಂದು ಗೊತ್ತಾಗುವತನಕ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ.

ನಮ್ಮಲ್ಲಿ ಮರೆತುಹೋಗುವ ಕಾರಣ ಕ್ಷಯ. ಮಂಡಿಯ ಕ್ಷಯಕ್ಕೆ ಕೆಮ್ಮು ಇರಲೇಬೇಕೆಂದಿಲ್ಲ. ಒಂದೇ ಮಂಡಿ ತಿಂಗಳುಗಟ್ಟಲೆ ಮೆತ್ತಗೆ ಊದಿರುತ್ತದೆ, ನೋವು ಅಷ್ಟಿಲ್ಲ, ತೊಡೆ ಬೇಗ ಕರಗುತ್ತದೆ, ಸಂಜೆ ಮೈ ಬೆಚ್ಚಗಾಗುತ್ತದೆ, ತೂಕ ಇಳಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕ್ಷಯದ ಅಪಾಯ ಹೆಚ್ಚು. ಸಂಧಿವಾತ ಎಂದುಕೊಂಡು ಪದೇಪದೇ ಸ್ಟೀರಾಯ್ಡ್ ಹಾಕಿದರೆ ಒಳಗೊಳಗೇ ಹಬ್ಬುತ್ತದೆ. ನೀರನ್ನು ಸಿಬಿನ್ಯಾಟ್ (ಕ್ಷಯದ ರೋಗಾಣುವನ್ನು ಅದರ ಡಿಎನ್‌ಎಯಿಂದ ಪತ್ತೆ ಹಚ್ಚುವ ಪರೀಕ್ಷೆ) ಮತ್ತು ಟಿಬಿ ಕಲ್ಚರ್‌ಗೆ ಕಳಿಸಬೇಕು. ನೀರಿನಲ್ಲಿ ರೋಗಾಣು ಕಡಿಮೆಯಿರುವುದರಿಂದ ವರದಿ ಖಾಲಿ ಬಂದರೂ ಅನುಮಾನ ಉಳಿದರೆ ಪೊರೆಯ ಚೂರನ್ನೇ ತೆಗೆದು ನೋಡುತ್ತಾರೆ. ಎಲುಬು–ಕೀಲಿನ ಕ್ಷಯಕ್ಕೆ ಸಾಮಾನ್ಯವಾಗಿ ಒಂದು ವರ್ಷ ಔಷಧಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಈ ಕಾರಣಕ್ಕೇ, ನಿಮ್ಮ ತಾಯಿಯ ನೀರಿನ ಕಣಗಳು 2,000 ದಾಟಿದರೆ ಸ್ಟೀರಾಯ್ಡ್ ಹಾಕಿಸುವ ಆತುರ ಬೇಡ.

ಜೆಲ್ ಇಂಜೆಕ್ಷನ್ ಬಗ್ಗೆ: ಹೈಯಲುರೋನಿಕ್ ಆಸಿಡ್‌ನ ಲಾಭ ಸರಾಸರಿಯಲ್ಲಿ ಬಹಳ ಸಣ್ಣದು, ಬೆಲೆ ದೊಡ್ಡದು, ನೀರು ತುಂಬಿದ ಮಂಡಿಗಂತೂ ಕಾರಣ ತಿಳಿಯದೆ ಹಾಕಿಸಬಾರದು. ರೋಗಿಯದೇ ರಕ್ತದಿಂದ ತಯಾರಿಸುವ ಪಿಆರ್‌ಪಿ ಕೂಡ 2021ರ ಆಸ್ಟ್ರೇಲಿಯಾದ ದೊಡ್ಡ ಅಧ್ಯಯನದಲ್ಲಿ ಉಪ್ಪುನೀರಿಗಿಂತ ಮೇಲೆನಿಸಲಿಲ್ಲ. ಸವೆತಕ್ಕೆ ದುರ್ಬೀನಿನಲ್ಲಿ ಮಂಡಿ ತೊಳೆಸುವುದು ಬೇಡವೇ ಬೇಡ. 2002ರಲ್ಲಿ ಹ್ಯೂಸ್ಟನ್‌ನಲ್ಲಿ ಕೆಲವರಿಗೆ ನಿಜವಾಗಿ ತೊಳೆದು, ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿದು ಹೋಲಿಸಿದರು. ಎರಡು ವರ್ಷವಾದರೂ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಈ ವಯಸ್ಸಿನಲ್ಲಿ ಎಂಆರ್‌ಐ ಮಾಡಿಸಿದರೆ ಮೆನಿಸ್ಕಸ್ ಹರಿದಿದೆ ಎಂದು ಬರುವುದು ಸಾಮಾನ್ಯ, ನೋವಿಲ್ಲದವರಲ್ಲೂ ಬರುತ್ತದೆ. ಮಂಡಿ ಅರ್ಧಕ್ಕೆ ಸಿಕ್ಕಿಹಾಕಿಕೊಂಡು ನೆಟ್ಟಗಾಗದೆ ನಿಂತರೆ ಆ ಮಾತು ಬೇರೆ. ಗ್ರೇಡ್ 2ಕ್ಕೆ ಮಂಡಿ ಬದಲಾವಣೆಯ ಪ್ರಶ್ನೆಯೇ ಏಳುವುದಿಲ್ಲ.

ಕೊನೆಗೆ ನೋವಿನ ಮಾತ್ರೆ. ಬಿಪಿಗೆ ಟೆಲ್ಮಿಸಾರ್ಟನ್‌ನಂಥ ಮಾತ್ರೆ, ಜೊತೆಗೆ ಮೂತ್ರ ಹೆಚ್ಚಿಸುವ ‘ಎಚ್’, ಮೇಲಿಂದ ಅಂಗಡಿಯಲ್ಲಿ ಕೇಳಿ ತಂದ ಡೈಕ್ಲೊಫೆನಾಕ್ ಅಥವಾ ಅಸಿಕ್ಲೊಫೆನಾಕ್ ಮೂರೂ ಸೇರಿದರೆ ಸಕ್ಕರೆ ಕಾಯಿಲೆಯವರ ಮೂತ್ರಪಿಂಡ ಸೋಲುವ ಅಪಾಯ ನಿಜವಾದದ್ದು. ನೋವಿನ ಮಾತ್ರೆ ಶುರು ಮಾಡುವ ಮುನ್ನ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ, ಕೊಟ್ಟರೂ ಐದಾರು ದಿನಕ್ಕೆ ನಿಲ್ಲಿಸಿ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಮಂಡಿನೋವಿನ ಪುಡಿ ಎರಡೇ ದಿನದಲ್ಲಿ ಪವಾಡ ಮಾಡಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದೆಂದು ಅನುಮಾನಿಸಿ. ಸಕ್ಕರೆ ಕಾರಣವಿಲ್ಲದೆ ಏರುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ. ಅಂಥದ್ದನ್ನು ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ಬಿಡಿಸದೆ, ಪೊಟ್ಟಣವನ್ನು ಕೈಯಲ್ಲಿ ಹಿಡಿದೇ ವೈದ್ಯರ ಬಳಿ ಹೋಗಿ.